ಗಡಿಗೆಯ ನೆರಳು

ನಮ್ಮ ಊರಿನಲ್ಲಿ ಮದುವೆಗೆ ಚಪ್ಪರ ಹಾಕಿಸುತ್ತಿದ್ದವರು ಎರಡೇ ತರಹದ ಜನ. ಒಂದು, ಬಿಂಕದವರು. ಇನ್ನೊಂದು, ವಿಮಾನದ ನೆರಳು ಸಿಗದವರು. ಉಳಿದವರೆಲ್ಲ ಊರಂಚಿನ ವಾಯುದಳದ ಮೆಸ್ಸಿನವರು ಪೇಟೆಗೆ ಬಂದು ಕೋಳಿಮೊಟ್ಟೆ ಬಾಚಿಕೊಂಡು ಹೋಗುವುದನ್ನೇ ಕಾಯುತ್ತಿದ್ದರು. ಬೇಯಿಸಿದ ಮೊಟ್ಟೆ, ಚಪಾತಿ, ಬಾಳೆಹಣ್ಣು ಕಟ್ಟಿಕೊಂಡು ಹುಡುಗರು ಹೊರಟರೆಂದರೆ ನಮ್ಮ ಬೀದಿಗೆ ನೆರಳು ಗ್ಯಾರಂಟಿ. ಎಲ್ಲಿಗೆ ಹೊರಟರು ಎಂದು ಕೇಳುವಂತಿರಲಿಲ್ಲ. ಆ ವಿಮಾನಗಳಿಗೆ ದೀಪವಿಲ್ಲ, ಬಾಲದ ಮೇಲೆ ನಂಬರಿಲ್ಲ. ಯಾರದೋ ನಾಡಿನಲ್ಲಿ ಮರದ ತುದಿ ಸವರಿಕೊಂಡು ಹಾರುವಾಗ ನೆಲದ ಮೇಲೆ ನೆರಳು ಕಂಡರೆ ಕೆಲಸ ಕೆಟ್ಟಂತೆ. ಅದಕ್ಕೇ ರನ್‌ವೇ ಬಿಟ್ಟು ಎದ್ದ ಮೇಲೆ ಊರಿನ ಮೇಲೊಂದು ಸುತ್ತು ಹಾಕಿ, ನೆರಳನ್ನು ನಮ್ಮ ಬೀದಿಯಲ್ಲಿ ಬಿಟ್ಟು ಹೋಗುತ್ತಿದ್ದವು. ಗುಟ್ಟು ಅಂದರೆ ಅಂಥಾ ಗುಟ್ಟು. ಮೊಟ್ಟೆ ಮಾರುವವಳಿಗೆ, ಗಿರಣಿಯವನಿಗೆ, ಮದುಮಗಳಿಗೆ ಮಾತ್ರ ಗೊತ್ತಿರುತ್ತಿದ್ದ ಗುಟ್ಟು.

ಬಿದ್ದ ನೆರಳು ಬಿದ್ದ ಹಾಗೇ ಇರುತ್ತಿತ್ತು, ಸೂರ್ಯ ಎತ್ತ ತಿರುಗಿದರೂ. ಮಧ್ಯಾಹ್ನ ಹೊರಟ ವಿಮಾನದ್ದು ಅದರ ಮೈಗೆ ತಕ್ಕಷ್ಟು. ಸಂಜೆ ಹೊರಟದ್ದರದು ಬೀದಿಯುದ್ದಕ್ಕೂ ಚಾಚಿಕೊಂಡು ಎರಡು ಮದುವೆಗಾಗುವಷ್ಟು. ಹಾಗೇ ಬಿಟ್ಟರೆ ಗಾಳಿಗೆ ಸರಿದು ಯಾವ ಹೊಲಕ್ಕೋ ಯಾವ ಕೆರೆಗೋ ಹೋಗಿಬಿಡುತ್ತಿತ್ತು. ಅದಕ್ಕೆ ಬೀದಿಯ ಹೆಂಗಸರು ನೆರಳಿನ ಸೆರಗಿಗೆ ಕಲ್ಲು ಇಡುತ್ತಿದ್ದರು. ಮನೆಗೊಂದು ಕಲ್ಲು, ಅದಕ್ಕೆ ಹೊಸಿಲ ಪಕ್ಕ ಒಂದು ಜಾಗ, ಶುಕ್ರವಾರ ಒಂದು ಚೊಂಬು ನೀರು. ಮೂತಿಯ ಕಲ್ಲು ಹಿಟ್ಟಿನ ಗಿರಣಿ ಚೆನ್ನವೀರಪ್ಪನದು. ಎಡರೆಕ್ಕೆಯ ತುದಿ ನಮ್ಮ ಎದುರುಮನೆ ಮೆಹಬೂಬಮ್ಮನದು. ಬಾಲ ನಮ್ಮದು, ಅಂದರೆ ನನ್ನ ಸೋದರತ್ತೆ ಅನಸೂಯಮ್ಮನದು. ತಾಯಿ ಇಲ್ಲದ ನಾನು ಬೆಳೆದದ್ದು ಅತ್ತೆಯ ಆ ಮನೆಯಲ್ಲೇ, ಬೀದಿಯ ಪಡುವಣ ತುದಿಯಲ್ಲಿ. ಅಲ್ಲಿಂದಾಚೆಗೆ ದಳದ ತಂತಿಬೇಲಿ, ಬೇಲಿಯಾಚೆ ರನ್‌ವೇ.

ಹೊರಟ ವಿಮಾನ ವಾಪಸು ಬರುವಾಗ ದೂರದಿಂದಲೇ ಪಂಖಗಳ ಸದ್ದು ಕೇಳುತ್ತಿತ್ತು. ಆಗ ನೋಡಬೇಕಿತ್ತು ನಮ್ಮ ಹೆಂಗಸರ ಓಟ. ರೊಟ್ಟಿ ತಟ್ಟುತ್ತಿದ್ದವರು ಹಿಟ್ಟಿನ ಕೈಯಲ್ಲೇ, ತಲೆಗೆ ನೀರು ಹಾಕಿಕೊಳ್ಳುತ್ತಿದ್ದವರು ಒದ್ದೆ ಕೂದಲಲ್ಲೇ ಬಂದು ಕಲ್ಲು ಎತ್ತುತ್ತಿದ್ದರು. ನೆರಳು ಬೀದಿಯಲ್ಲಿ ಚೆಲ್ಲಿದ ನೀರಿನ ಹಾಗೆ ಇಳಿದು, ಬೇಲಿಯಡಿ ನುಸುಳಿ, ರನ್‌ವೇ ಮೇಲೆ ಹೋಗಿ ಮಲಗುತ್ತಿತ್ತು. ವಿಮಾನ ಬಂದು ಅದರ ಮೇಲೆ ಇಳಿಯುತ್ತಿತ್ತು. ನೆರಳು ಕೆಳಗಿಲ್ಲದೆ ಇಳಿಯಲು ಅವಕ್ಕೆ ಬರುತ್ತಿರಲಿಲ್ಲ. ಒಮ್ಮೆ ಚೆನ್ನವೀರಪ್ಪ ಊಟ ಮಾಡಿ ಗಿರಣಿಯೊಳಗೆ ಅಡ್ಡಾಗಿದ್ದ. ಗಿರಣಿಯ ಗದ್ದಲದಲ್ಲಿ ಪಂಖದ ಸದ್ದು ಕಿವಿಗೆ ಬೀಳಲಿಲ್ಲ. ಅವನೊಬ್ಬನ ಕಲ್ಲು ಉಳಿದುಹೋಗಿ ವಿಮಾನ ಊರಿನ ಮೇಲೆ ಸುತ್ತು ಹಾಕಿದ್ದೇ ಹಾಕಿದ್ದು. ಕೊನೆಗೆ ಅವನ ಹೆಂಡತಿ ಓಡಿಹೋಗಿ ಕಲ್ಲು ಎತ್ತಿ, ಆಮೇಲೆ ಗಂಡನನ್ನೂ ಎತ್ತಿದಳು. ಅಂದಿನಿಂದ ಅವನ ಬದಲು ಅವಳೇ ಮೂತಿಯ ಕಾವಲು.

ಅತ್ತೆಯ ಗಂಡ ಜಯದೇವ ಮಾವ ದಳದಲ್ಲಿ ಲೋಡ್‌ಮಾಸ್ಟರ್. ವಿಮಾನದ ಹೊಟ್ಟೆಯಲ್ಲಿ ಜೀಪು ಎಲ್ಲಿ ನಿಲ್ಲಬೇಕು, ಪೆಟ್ಟಿಗೆ ಎಷ್ಟು ಬಿಗಿಯಬೇಕು, ಪ್ಯಾರಾಚೂಟು ಕಟ್ಟಿಕೊಂಡ ಹುಡುಗರು ಯಾವ ಸಾಲಿನಲ್ಲಿ ಕೂರಬೇಕು ಎಂದು ನೋಡುವವರು. ಹಿಂಬಾಗಿಲು ಕೆಳಕ್ಕೆ ಚಾಚಿಕೊಂಡಾಗ ಅದರ ಅಂಚಿನಲ್ಲಿ ನಿಂತು, ಎಡಗೈಯಿಂದ ಒಬ್ಬೊಬ್ಬರ ಬೆನ್ನು ತಟ್ಟಿ ಹೊರಗೆ ಕಳಿಸುವವರು. ಮನೆಯಲ್ಲೂ ಅದೇ ಚಾಳಿ. ಅಡುಗೆಮನೆಯ ಡಬ್ಬಿಗಳನ್ನು ಭಾರ ನೋಡಿ ಜೋಡಿಸುತ್ತಿದ್ದರು.

"ಭಾರ ಎಲ್ಲ ಹಿಂದಕ್ಕಿಟ್ರೆ ಮೂತಿ ಮೇಲಕ್ಕೆದ್ದುಬಿಡುತ್ತೆ ಕಣೇ" ಎಂದು ಬೇಳೆ ಡಬ್ಬಿಯನ್ನು ಮುಂದಕ್ಕೆ ಸರಿಸುತ್ತಿದ್ದರು.

"ಇದು ಅಡುಗೆಮನೆ. ಎಲ್ಲಿಗೂ ಹಾರಲ್ಲ. ಈಚೆ ಬನ್ನಿ" ಎಂದು ಅತ್ತೆ ಸೌಟು ತೋರಿಸುತ್ತಿದ್ದರು.

ಮಾವ ತೆಂಗಿನಮರದ ಆಳು. ನಮ್ಮ ಬಾಗಿಲೋ ಗಿಡ್ಡ. ಮದುವೆಯಾದ ಹೊಸದರಲ್ಲಿ ದಿನಾ ಹಣೆ ಬಡಿಸಿಕೊಂಡು, ಊರೆಲ್ಲ ಅತ್ತೆಯನ್ನು ಒಂಥರಾ ನೋಡುವ ಹಾಗೆ ಮಾಡಿದ್ದರಂತೆ. ಆಮೇಲೆ ಅಭ್ಯಾಸವಾಯಿತು. ಬೂಟಿನ ಸದ್ದು ಕೇಳಿದೊಡನೆ ಅತ್ತೆ ಒಲೆಯ ಮುಂದಿನಿಂದಲೇ "ತಲೆ, ತಲೆ!" ಎನ್ನುತ್ತಿದ್ದರು. ಮಾವ ಬಗ್ಗಿ, ತಮ್ಮ ಹುಡುಗರ ಬೆನ್ನು ತಟ್ಟಿದ ಹಾಗೇ ಬಾಗಿಲ ಚೌಕಟ್ಟನ್ನು ಎಡಗೈಯಲ್ಲಿ ಒಮ್ಮೆ ತಟ್ಟಿ ಒಳಗೆ ಬರುತ್ತಿದ್ದರು. ಅವರು ಬಂದರೆ ಆ ಪುಟ್ಟ ಮನೆ ತುಂಬಿಹೋಗುತ್ತಿತ್ತು.

ದಳದ ವಿಮಾನಗಳಿಗೆಲ್ಲ ನಮ್ಮ ಹೆಂಗಸರು ಹೆಸರಿಟ್ಟಿದ್ದರು. ಎಲ್ಲಕ್ಕೂ ನಾಲ್ಕು ಪಂಖ, ಎಲ್ಲಕ್ಕೂ ದಪ್ಪ ಹೊಟ್ಟೆ. ಆದರೂ ನೆರಳು ನೋಡಿ ಇದು ಬಾಣಂತಿ, ಇದು ಕುಂಬಳಕಾಯಿ ಎಂದು ಹೇಳಿಬಿಡುತ್ತಿದ್ದರು. ಮಾವನದು ಗಡಿಗೆ. ಗಡಿಗೆಯ ನೆರಳಿನಷ್ಟು ತಂಪು ಇನ್ನೊಂದಿರಲಿಲ್ಲ. ನಾನು ಅಕ್ಷರ ತಿದ್ದಿದ್ದು ಅದರ ಹೊಟ್ಟೆಯಡಿ, ಮೆಹಬೂಬಮ್ಮನ ಮಗಳ ಮದುವೆ ಆದದ್ದು ಅದರ ಬಲರೆಕ್ಕೆಯಡಿ. ಆ ಮದುವೆಯ ಬಿರಿಯಾನಿ ಹಂಡೆಯನ್ನು ಇನ್ನೇನು ಇಳಿಸಬೇಕು, ಅಷ್ಟರಲ್ಲಿ ಪಂಖದ ಸದ್ದು! ಬೀಗರನ್ನು ಬಿಸಿಲಲ್ಲೇ ಬಿಟ್ಟು ಎಲ್ಲರೂ ಕಲ್ಲಿಗೆ ಓಡಿದರು. ಸ್ವಲ್ಪ ಹೊತ್ತಿಗೆ ಮಾವನೇ ಸಮವಸ್ತ್ರದಲ್ಲಿ ಬಂದು, "ನಿಮ್ಮ ನೆರಳು ನಾನೇ ಕಿತ್ಕೊಂಡೆ, ಬಡಿಸೋದಾದ್ರೂ ಬಡಿಸ್ತೀನಿ" ಎಂದು ಸೌಟು ಹಿಡಿದು ನಿಂತರು. ಎಂಥಾ ದಿನಗಳವು! ನೆನೆಸಿಕೊಂಡರೆ ಈಗಲೂ ಅಂಗಾಲು ತಣ್ಣಗಾಗುತ್ತದೆ.

ಒಂದು ಸಂಜೆ ಗಡಿಗೆ ಹೊರಟಿತು. ಅತ್ತೆ ಒಗ್ಗರಣೆ ಅವಲಕ್ಕಿ ಕಟ್ಟಿಕೊಟ್ಟಿದ್ದರು, ಮೊಟ್ಟೆ ಮಾವನಿಗೆ ಆಗಿಬರುತ್ತಿರಲಿಲ್ಲ. ಚೀಲ ಹೆಗಲಿಗೇರಿಸಿ, ಬಗ್ಗಿ, ಚೌಕಟ್ಟು ತಟ್ಟಿ ಹೋದರು. ವಿಮಾನ ಬೀದಿಯ ಮೇಲೆ ವಾಲಿತು, ನೆರಳು ಬಿತ್ತು. ಗಿರಣಿಯವರೆಗೆ ಚಾಚಿದ ಮೂತಿ, ಎರಡೂ ಸಾಲಿನ ಸೂರು ದಾಟಿದ ರೆಕ್ಕೆ, ನಮ್ಮ ಅಂಗಳದಲ್ಲಿ ಬಾಲ. ಅತ್ತೆ ಕಲ್ಲಿಟ್ಟು ಕೈ ಒರೆಸಿಕೊಂಡರು. ಆ ವಾರ ಗಡಿಗೆ ಬರಲಿಲ್ಲ. ಆ ತಿಂಗಳು ಬರಲಿಲ್ಲ. ದಳದ ದೊಡ್ಡ ಸಾಹೇಬರು ಮನೆಗೆ ಬಂದು, ಕೊಟ್ಟ ಕಾಫಿಯನ್ನು ಆರಲು ಬಿಟ್ಟು, "ಸುದ್ದಿ ಇಲ್ಲ" ಎಂದರು. ಬಿದ್ದಿದೆ ಎನ್ನಲಿಲ್ಲ, ಇದೆ ಎನ್ನಲಿಲ್ಲ.

ನೆರಳು ಮಾತ್ರ ಇತ್ತು. ವಿಮಾನ ಹೋಗಿ ನೆರಳು ಉಳಿದರೆ ಏನರ್ಥ ಎಂದು ಊರಿನ ಯಾರಿಗೂ ಗೊತ್ತಿರಲಿಲ್ಲ, ಹಾಗೆ ಹಿಂದೆಂದೂ ಆಗಿರಲಿಲ್ಲ. ಅತ್ತೆ ತಮ್ಮದೇ ಅರ್ಥ ಮಾಡಿಕೊಂಡರು. "ಅದು ಬಿದ್ದುಹೋಗಿದ್ರೆ ಇದಕ್ಯಾಕೆ ಇಲ್ಲಿ ಬಿದ್ದಿರೋ ಹಣೆಬರಹ? ಅವರು ಮೇಲಿದಾರೆ. ಸದ್ದು ಕೇಳಲಿ, ಕಲ್ಲು ಎತ್ತೋಣ" ಎಂದರು. ಅಳಲಿಲ್ಲ. ಕುಂಕುಮ ಅಳಿಸಲಿಲ್ಲ. ಅಳಿಸೆಂದು ಹೇಳಬಂದ ದೂರದ ನೆಂಟರಾಕೆಯೊಬ್ಬಳು ಬಂದ ಬಸ್ಸಿಗೇ ವಾಪಸಾದಳು.

ವರ್ಷಗಳು ಉರುಳಿದವು. ಬೇರೆ ವಿಮಾನಗಳು ತಮ್ಮ ನೆರಳನ್ನು ಪಕ್ಕದ ಬೀದಿಗೆ ಬಿಡತೊಡಗಿದವು. ನಮ್ಮದು ಗಡಿಗೆ ಬೀದಿಯಾಯಿತು. ತರಕಾರಿ ತಿಪ್ಪಕ್ಕ ಎಡರೆಕ್ಕೆಯಡಿ ಬುಟ್ಟಿ ಇಟ್ಟಳು, ಹೂವಿನವರು ಬಂದರು, ಬಸ್ಸೂ ಅಲ್ಲೇ ನಿಲ್ಲತೊಡಗಿತು. "ಗಡಿಗೆ ಹೊಟ್ಟೆ ಹತ್ರ ಇಳಿಸಪ್ಪ" ಎಂದರೆ ಕಂಡಕ್ಟರು ಮರುಮಾತಿಲ್ಲದೆ ಸೀಟಿ ಊದುತ್ತಿದ್ದ. ಎಲ್ಲರಿಗೂ ಅನುಕೂಲವಾದ ನೆರಳು ನಮ್ಮ ಅಂಗಳಕ್ಕೆ ಮಾತ್ರ ಬಿಸಿಲು ಬಿಡಲಿಲ್ಲ. ಹಪ್ಪಳ ಒಣಗಿಸಲು ಅತ್ತೆ ಮೆಹಬೂಬಮ್ಮನ ಮಾಳಿಗೆ ಹತ್ತಬೇಕಿತ್ತು. ಮಧ್ಯಾಹ್ನದ ತಟ್ಟೆಯನ್ನು ಅವರು ಅಂಗಳಕ್ಕೇ ತರುತ್ತಿದ್ದರು. ಬಾಲದ ಬುಡದಲ್ಲಿ, ಹಿಂಬಾಗಿಲು ಇರುವ ಕಡೆ ಒಂದು ಮಣೆ ಹಾಕಿಕೊಂಡು ಊಟ. ಕಪ್ಪಿನೊಳಗೆ ಕಪ್ಪು ಏನು ಕಾಣುತ್ತದೆ? ಆದರೂ ಅಲ್ಲಿ ಒಂದಾಳಿನಷ್ಟು ಜಾಗ ಮಿಕ್ಕದ್ದಕ್ಕಿಂತ ತಂಪು ಎಂದು ಅತ್ತೆ ಹೇಳುತ್ತಿದ್ದರು. ನಾನು ಅಂಗೈ ಇಟ್ಟು ನೋಡಿದ್ದೇನೆ. ಸುಳ್ಳಲ್ಲ.

ನನಗೆ ಅದೇ ಊರಿನ ಶಾಲೆಯಲ್ಲಿ ಕೆಲಸವಾಗಿ, ತಲೆಯಲ್ಲಿ ಒಂದೆರಡು ಬೆಳ್ಳಿಗೂದಲು ಕಂಡ ಕಾಲಕ್ಕೆ, ದಳ ಗಂಟುಮೂಟೆ ಕಟ್ಟಿತು. ಎಳೆ ವಯಸ್ಸಿನ ಒಬ್ಬ ಸಾಹೇಬರು ಜೀಪನ್ನು ನೆರಳಿನಿಂದಾಚೆಗೆ ನಿಲ್ಲಿಸಿ, ಟೋಪಿ ತೆಗೆದು ಕೈಯಲ್ಲಿ ಹಿಡಿದು ನಡೆದು ಬಂದರು. ಅಷ್ಟಕ್ಕೇ ಅವರು ನನಗೆ ಹಿಡಿಸಿದರು.

"ಅಮ್ಮ, ಈ ಜಾತಿ ವಿಮಾನ ಇನ್ನು ಹಾರಲ್ಲ. ಇದ್ದವನ್ನೆಲ್ಲ ಕಳಿಸಿ ಆಯ್ತು. ಮುಂದಿನ ವಾರದಿಂದ ರನ್‌ವೇ ಅಗೀತಾರೆ. ಆಮೇಲೆ ಇಲ್ಲಿ ಯಾವುದೂ ಇಳಿಯೋಕ್ಕಾಗಲ್ಲ. ನಿಮಗೆ ಹೇಳದೆ ಹೋಗೋಕೆ ಮನಸ್ಸು ಬರಲಿಲ್ಲ."

"ಇದನ್ನೇನು ಮಾಡ್ತೀರಿ?" ಎಂದು ಅತ್ತೆ ಅಂಗಳ ತೋರಿಸಿದರು.

"ಅದರ ವಿಚಾರ ನಮಗ್ಯಾರೂ ಏನೂ ಹೇಳಿಲ್ಲ ಅಮ್ಮ. ಅದು ನಿಮ್ಮದು" ಎಂದರು ಸಾಹೇಬರು.

ಅಂದು ಸಂಜೆ ಬೀದಿಯೆಲ್ಲ ಗಡಿಗೆಯ ಹೊಟ್ಟೆಯಡಿ ಸೇರಿತು. ರನ್‌ವೇ ಅಗೆಯುವ ಮೊದಲೇ ಕಲ್ಲು ಎತ್ತಿಬಿಡುವುದೇ ಎಂಬ ಮಾತು ಬಂತು. ತಿಪ್ಪಕ್ಕನ ಲೆಕ್ಕ ನೇರ. "ರನ್‌ವೇ ಹೋದ್ರೆ ಹೋಗಲಿ, ನೆರಳು ಇದ್ರೆ ನಮಗೇನು ತೊಂದರೆ? ಕಲ್ಲು ಮುಟ್ಟೋದು ಬೇಡ" ಎಂದಳು. ಹೂವಿನವರೂ ಹೂಂಗುಟ್ಟಿದರು. ಎಲ್ಲರೂ ಅತ್ತೆಯ ಮುಖ ನೋಡಿದರು.

"ಸದ್ದಿಲ್ಲದೆ ಕಲ್ಲು ಎತ್ತಿದ್ದು ಉಂಟಾ? ಎತ್ತಿ, ಗಾಳಿಗೆ ಹೋಗಿಬಿಟ್ರೆ? ನನಗೆ ಅಂತ ಉಳಿದಿರೋದು ಇದೊಂದು" ಎಂದರು ಅತ್ತೆ. ಅವರ ದನಿ ನಡುಗಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಆಗ ಕುಟ್ಟಪ್ಪ ಬಾಯಿ ತೆರೆದರು. ಕುಟ್ಟಪ್ಪ ಗಡಿಗೆಯ ಇಂಜಿನ್ ಮೆಕ್ಯಾನಿಕ್. ಮಾವನ ಜೀವದ ಗೆಳೆಯ. ಆ ಕೊನೆಯ ಸಲ ಜ್ವರ ಬಂದು ಹಿಂದುಳಿದವರು. ಸೇವೆ ಮುಗಿದ ಮೇಲೆ ಸ್ವಂತ ಊರಿಗೆ ಹೋಗದೆ, ತಾವು ನೋಡಿಕೊಳ್ಳುತ್ತಿದ್ದ ಇಂಜಿನ್ನಿನ ನೆರಳಿನ ಕೆಳಗೇ ಸೈಕಲ್ ಅಂಗಡಿ ಇಟ್ಟವರು. ಪಂಕ್ಚರ್ ಹಾಕುವಾಗಲೂ ಆಗಾಗ ತಲೆಯೆತ್ತಿ ಖಾಲಿ ಆಕಾಶವನ್ನು ಪರೀಕ್ಷೆ ಮಾಡುವವರು.

"ಅತ್ತಿಗೆ, ಚೆನ್ನವೀರಪ್ಪ ನಿದ್ದೆ ಹೊಡೆದ ದಿನ ನೆನಪಿದೆಯಾ? ಆ ದಿನ ಮೇಲೆ ನಾನೂ ಇದ್ದೆ, ಜಯದೇವನೂ ಇದ್ದ" ಎಂದರು.

"ಹೂಂ."

"ಮೇಲಿಂದ ಎಲ್ಲಾ ಕಾಣುತ್ತೆ ಅತ್ತಿಗೆ. ನಮ್ಮ ಬೀದಿ, ನಿಮ್ಮ ಮನೆ ಒಲೆ ಹೊಗೆ. ಇಳಿಯೋಕೆ ಮಾತ್ರ ಆಗಲ್ಲ. ಒಂದು ಸುತ್ತು, ಇನ್ನೊಂದು ಸುತ್ತು. ಜಯದೇವ ಹಿಂಬಾಗಿಲು ಅರ್ಧ ತೆಗೆದು ಅಂಚಲ್ಲಿ ಕೂತುಬಿಟ್ಟ. 'ಕುಟ್ಟಪ್ಪ, ಅವಳು ಒಗ್ಗರಣೆ ಹಾಕ್ತಿದಾಳೆ ಕಣೋ, ನಂಗೆ ವಾಸನೆ ಬರ್ತಿದೆ' ಅಂದ. ಅಷ್ಟು ಮೇಲಕ್ಕೆ ಎಲ್ಲಿಯ ವಾಸನೆ? ನಾನು ನಕ್ಕೆ. ತಿರುಗಿ ನೋಡಿದ್ರೆ ಅವನ ಕಣ್ಣಲ್ಲಿ ನೀರು. ಎಷ್ಟೋ ಕಡೆ ಹೋಗಿ ಬಂದವನು, ಯಾವತ್ತೂ ಅಳದವನು."

ಕುಟ್ಟಪ್ಪ ಹೇಳಿದ್ದು ಇಷ್ಟೇ. ಹೀಗೆ ಮಾಡಿ, ಹಾಗೆ ಮಾಡಿ ಎನ್ನಲಿಲ್ಲ. ಅತ್ತೆ ಎದ್ದು ಮನೆಗೆ ಬಂದು ಬಾಲದ ಬುಡದಲ್ಲಿ ಮಣೆಯ ಮೇಲೆ ಕೂತರು. ಊಟಕ್ಕೆ ಕರೆದರೆ ಬೇಡವೆಂದರು.

ಬೆಳಿಗ್ಗೆ ನಾನು ಶಾಲೆಗೆ ಹೊರಟು ನಿಂತಾಗ ಅತ್ತೆ, "ಇಷ್ಟು ದಿನ ಕಾಯ್ತಿರೋದು ನಾವು ಅಂದ್ಕೊಂಡಿದ್ವಲ್ಲೇ. ಅವರೂ ಕಾಯ್ತಿದ್ರೆ?" ಎಂದರು.

"ಸದ್ದು ಕೇಳಿಸ್ಬೇಕಲ್ಲ ಅತ್ತೆ" ಎಂದೆ.

"ಸದ್ದು ಮಾಡದೆ ಹೋಗಿಬರೋದೇ ಅವರ ಕೆಲಸ ಆಗಿತ್ತಲ್ಲ. ನಾನು ಸದ್ದು ಸದ್ದು ಅಂತ ಕಲ್ಲಿಟ್ಕೊಂಡು ಕೂತುಬಿಟ್ಟೆ. ಇವತ್ತು ಸಂಜೆ ಎತ್ತೋಣ. ಬೀದಿಯೋರಿಗೆ ಹೇಳು."

ಅಂದು ಆಷಾಢದ ಗಾಳಿ. ಸಂಜೆಯಾದರೂ ಬಿಡಲಿಲ್ಲ. ಒಂದೊಂದೇ ಕಲ್ಲು ಎದ್ದ ಹಾಗೆ ನೆರಳು ಪಟಪಟ ಹೊಡೆದುಕೊಳ್ಳತೊಡಗಿತು. ಬಲರೆಕ್ಕೆಯ ತುದಿ ಎದ್ದು ಹೂವಿನವರ ಬುಟ್ಟಿಗೆ ಸುತ್ತಿಕೊಂಡಿತು. ಬೇಡವೆಂದು ಹಿಂದಿನ ದಿನ ಅಷ್ಟು ಕೂಗಾಡಿದ್ದ ತಿಪ್ಪಕ್ಕನೇ ಎಲ್ಲರಿಗಿಂತ ಮೊದಲು ಓಡಿಹೋಗಿ ಅಂಚಿನ ಮೇಲೆ ಧೊಪ್ಪೆಂದು ಕೂತಳು. "ನೋಡ್ತಾ ನಿಂತಿದೀರಲ್ಲ, ಕೂತ್ಕೊಳ್ರೇ!" ಎಂದು ಗದರಿದಳು. ಬೀದಿಯ ಹೆಂಗಸರೆಲ್ಲ ಸೆರಗು ಸಿಕ್ಕಿಸಿಕೊಂಡು ನೆರಳಿನ ಅಂಚಿನುದ್ದಕ್ಕೂ ಕೂತುಬಿಟ್ಟರು. ಮೆಹಬೂಬಮ್ಮ ಮೊಣಕಾಲು ನೋವಿನಲ್ಲೇ ಎಡರೆಕ್ಕೆಯ ತುದಿಯನ್ನು ಎರಡೂ ಕೈಯಲ್ಲಿ ಅದುಮಿ ಹಿಡಿದಿದ್ದರು. ಹೊತ್ತು ಇಳಿಯಿತು. ಗಡಿಗೆ ಹೊರಟಿದ್ದ ಅದೇ ಹೊತ್ತಿಗೆ ಗಾಳಿ ಒಂದು ಚಣ ನಿಂತಿತು.

"ಏಳ್ರೇ" ಎಂದರು ಅತ್ತೆ. ಎಲ್ಲರೂ ಎದ್ದರು. ಅತ್ತೆ ಬಗ್ಗಿ ಬಾಲದ ಕಲ್ಲು ಎತ್ತಿ ಎದೆಗವುಚಿಕೊಂಡರು.

ನೆರಳು ಸರಿಯಿತು. ಬುಟ್ಟಿಗಳ ಮೇಲೆ, ಸೈಕಲ್ಲುಗಳ ಮೇಲೆ, ನಮ್ಮೆಲ್ಲರ ಪಾದಗಳ ಮೇಲೆ ತಣ್ಣಗೆ ಹಾದು, ಬೇಲಿಯಡಿ ನುಸುಳಿ ರನ್‌ವೇ ಮೇಲೆ ಮಲಗಿತು. ನಾವು ಬೇಲಿಗೆ ಒತ್ತಿಕೊಂಡು ನಿಂತೆವು. ಕುಟ್ಟಪ್ಪ ಕಿವಿಗೆ ಕೈ ಇಟ್ಟುಕೊಂಡು ಆಕಾಶ ನೋಡುತ್ತಿದ್ದರು. ಪಂಖದ ಸದ್ದಿಲ್ಲ. ಹೊತ್ತು ಕೆಂಪಗಾಗುತ್ತಿತ್ತು. ಏನೂ ಬರಲಿಲ್ಲ. ಅತ್ತೆಯ ಕಡೆ ತಿರುಗಿ ನೋಡುವ ಧೈರ್ಯ ನನಗಾಗಲಿಲ್ಲ.

ಅಷ್ಟರಲ್ಲಿ ಕುಟ್ಟಪ್ಪ, "ಹಿಂಬಾಗಿಲು" ಎಂದರು.

ನೆರಳಿನ ಬಾಲದಡಿ ಒಂದು ತುಂಡು ನಿಧಾನವಾಗಿ ಹೊರಗೆ ಚಾಚಿಕೊಳ್ಳುತ್ತಿತ್ತು. ಅದರ ಮೇಲಿಂದ ಆಳುಗಳ ನೆರಳು ಇಳಿದವು. ಒಂದರ ಹಿಂದೊಂದು, ಬೆನ್ನಿಗೆ ಗಂಟು ಕಟ್ಟಿಕೊಂಡು, ಆಳಿಲ್ಲದ ಬರೀ ನೆರಳು. ಇಳಿದವೆಲ್ಲ ಒಂದಿಷ್ಟು ಹೊತ್ತು ಗುಂಪಾಗಿ ನಿಂತವು. ಆಮೇಲೆ ಕೆಲವು ರೈಲು ಸ್ಟೇಷನ್ನಿನ ದಾರಿ ಹಿಡಿದವು, ಕೆಲವು ದೊಡ್ಡ ರಸ್ತೆಯತ್ತ ಹೋದವು, ಅವರವರ ಊರಿಗೆ. ಕೊನೆಯದು ಮಾತ್ರ ಎಲ್ಲರೂ ಇಳಿಯುವವರೆಗೆ ಅಂಚಿನಲ್ಲೇ ನಿಂತಿತ್ತು. ಒಬ್ಬೊಬ್ಬರ ಬೆನ್ನನ್ನೂ ತಟ್ಟಿ ಕಳಿಸಿ, ಆಮೇಲೆ ಇಳಿದು, ನಮ್ಮ ಬೀದಿಯ ಕಡೆ ಹೊರಳಿತು.

ಅತ್ತೆ ಅಲ್ಲಿರಲಿಲ್ಲ. ಕಲ್ಲನ್ನು ಬೇಲಿಯ ಬುಡದಲ್ಲಿಟ್ಟು ಮನೆಗೆ ಓಡಿದ್ದರು. ಒಳಗಿನಿಂದ ಸಾಸಿವೆ ಸಿಡಿದ ಸದ್ದು, ಒಗ್ಗರಣೆಯ ಘಮ. ಸಂಜೆಬಿಸಿಲಿಗೆ ಉದ್ದವಾಗಿದ್ದ ಆ ನೆರಳು ನನ್ನನ್ನು ದಾಟಿತು. ಕಾಲು ಇನ್ನೂ ಬೇಲಿಯ ಹತ್ತಿರವಿತ್ತು, ತಲೆ ಆಗಲೇ ನಮ್ಮ ಬಾಗಿಲಲ್ಲಿತ್ತು.

"ತಲೆ, ತಲೆ!" ಎಂದು ಒಳಗಿನಿಂದ ಅತ್ತೆ ಕೂಗಿದರು.

ನೆರಳು ಬಗ್ಗಿತು. ಎಡಗೈಯಿಂದ ಚೌಕಟ್ಟನ್ನು ಒಮ್ಮೆ ತಟ್ಟಿ ಒಳಗೆ ಹೋಯಿತು. ಕುಟ್ಟಪ್ಪ ತಂತಿಬೇಲಿಗೆ ಹಣೆ ಆನಿಸಿ ಅಳುತ್ತಿದ್ದರು, ನನ್ನ ಕಣ್ಣೂ ತುಂಬಿತ್ತು. ರನ್‌ವೇ ಮೇಲೆ ಗಡಿಗೆ, ಎಲ್ಲ ನೆರಳುಗಳೂ ಸಂಜೆ ಕರಗುವ ಹಾಗೆ, ಸುಮ್ಮನೆ ಕರಗಿಹೋಯಿತು.

ಮಾರನೆಯ ದಿನ ಬೀದಿ ಕಣ್ಣು ಕುಕ್ಕುವಷ್ಟು ಬೆಳಕಾಗಿತ್ತು. ತಿಪ್ಪಕ್ಕ ಎಲ್ಲಿಂದಲೋ ಒಂದು ಹಳೇ ಛತ್ರಿ ತಂದು, ಅದನ್ನು ಬಿಚ್ಚಲಾಗದೆ ಊರಿಗೆಲ್ಲ ಕೇಳುವಂತೆ ಬೈಯುತ್ತಿದ್ದಳು. ಹೊತ್ತೇರಿ ಬಿಸಿಲು ಸೂರು ದಾಟಿ ಅಂಗಳಕ್ಕೆ ಇಳಿದ ಮೇಲೆ ಅತ್ತೆ ಹಪ್ಪಳದ ಮೊರ ಹಿಡಿದು ಹೊರಗೆ ಬಂದರು. ಅಷ್ಟು ವರ್ಷ ಬಿಸಿಲು ಕಾಣದ ನೆಲದ ಮೇಲೆ ಹಳೇ ಸೀರೆ ಹಾಸಿದರು. ಅವರ ಕಾಲಬುಡದಿಂದ ಎರಡು ನೆರಳು ಬಿದ್ದಿದ್ದವು. ಒಂದು ಅವರಷ್ಟೇ ಗಿಡ್ಡ. ಇನ್ನೊಂದು ಉದ್ದ. ಗಿಡ್ಡದ್ದು ಒಂದು ಹಪ್ಪಳ ಇಟ್ಟರೆ, ಉದ್ದದ್ದು ಬಗ್ಗಿ ಅದನ್ನು ಇಷ್ಟೇ ಇಷ್ಟು ಮುಂದಕ್ಕೆ ಸರಿಸುತ್ತಿತ್ತು.

"ಎಲ್ಲಿಗೂ ಹಾರಲ್ಲ, ಬಿಡ್ರೀ" ಎಂದು ಅತ್ತೆ ಗೊಣಗಿದರು.

ಮೆಹಬೂಬಮ್ಮ ಎದುರುಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಕಣ್ಣೊರೆಸಿಕೊಂಡು, ಏನೂ ಗೊತ್ತಿಲ್ಲದವರ ಹಾಗೆ, "ಏನೇ ಅನ್ಸೂಯಾ, ಇವತ್ತು ಮಾಳಿಗೆಗೆ ಬರಲಿಲ್ವಲ್ಲ?" ಎಂದರು.

ಅತ್ತೆ ತಲೆಯೆತ್ತಿದರು. ಹೊಸ ಮದುಮಗಳ ಹಾಗೆ ಅವರ ಮುಖ ಕೆಂಪಾಗಿತ್ತು.

"ಇಲ್ಲ ಕಣೇ" ಎಂದರು. "ಇವ್ರು ಬಂದಿದಾರೆ."